ಶಂಶುನ್ನೀಸಾ ತಂದ ಸಬ್ಬಸಿಗೆ

ಬ್ಲ್ಯಾಕ್‌ಪಳ್ಳಿ, ಬೆಂಗಳೂರು ದಂಡು
17 ಜನವರಿ 1944

ಅಪ್ಪನವರಿಗೆ ಜೀವರತ್ನಳ ವಂದನೆಗಳು.

ಹರಿಹರದಲ್ಲಿ ಚಳಿ ಹೇಗಿದೆ? ನಿಮ್ಮ ಕೆಮ್ಮಿಗೆ ಕಷಾಯ ಯಾರು ಕಾಯಿಸಿ ಕೊಡುತ್ತಿದ್ದಾರೆ? ಅಮ್ಮ ಇದ್ದಿದ್ದರೆ ಎಂದು ಬರೆಯಲು ಹೊರಟು ನಿಲ್ಲಿಸಿದೆ. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೇವೆ. ನಿಮ್ಮ ಅಳಿಯಂದಿರಿಗೆ ವಿಮಾನ ಕಾರ್ಖಾನೆಯಲ್ಲಿ ಈ ತಿಂಗಳೂ ರಾತ್ರಿ ಪಾಳಿ. ಬೆಳಗ್ಗೆ ವಿಮಾನಪುರದಿಂದ ಸೈಕಲ್ಲು ತುಳಿದುಕೊಂಡು ಬಂದು, ಮಗುವಿನ ಮುಖ ನೋಡಿ, ಊಟವನ್ನೂ ಮಾಡದೆ ಮಲಗಿಬಿಡುತ್ತಾರೆ. ಪುಟ್ಟಿಗೆ ಕುತ್ತಿಗೆ ನಿಂತಿದೆ. ಕುಡಿಯುತ್ತಾಳೆ, ಮಲಗುತ್ತಾಳೆ. ಮಲಗದೆ ಇರುವವಳು ನಾನು. ನಮ್ಮ ಮೋಹನನಿಗೆ ಆದದ್ದು ನಿಮಗೆ ಗೊತ್ತೇ ಇದೆ. ನನ್ನ ಹಾಲು ಬತ್ತಿಹೋಗಿ, ಡಬ್ಬಿಯ ಹಾಲಿಗೆ ಬಿದ್ದು, ಆ ಬೇಸಿಗೆಯಲ್ಲಿ ಮಗು ಕೈಬಿಟ್ಟು ಹೋಯಿತು. ಈಗ ಇವಳು ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುವುದೇ ನನ್ನ ಕೆಲಸವಾಗಿದೆ.

ಒಂದು ವಿಷಯ ಕೇಳಬೇಕಿತ್ತು. ಈಸ್ಟರಿಗೆ ಮೊದಲಿನ ವಾರಗಳಲ್ಲಿ ಇಲ್ಲಿಯ ಸಭೆಯ ಹೆಂಗಸರ ಕೂಟದಲ್ಲಿ ಹತ್ತು ಆಜ್ಞೆಗಳ ಮೇಲೆ ನಾನು ಮಾತನಾಡಬೇಕಂತೆ. "ಬಿ.ಎ. ಓದಿದೀಯ, ಪಾದ್ರಿ ಮಗಳು, ನೀನಲ್ದೆ ಇನ್ಯಾರಮ್ಮ?" ಎಂದು ಒಪ್ಪಿಸಿಬಿಟ್ಟರು. ನನ್ನ ಪ್ರಶ್ನೆ ಇದು. ಯಾರ ಕೈಲೂ ಪೂರ್ತಿಯಾಗಿ ನಡೆಸಲಾಗದ ಧರ್ಮಶಾಸ್ತ್ರವನ್ನು ದೇವರು ಮನುಷ್ಯರಿಗೆ ಕೊಟ್ಟದ್ದಾದರೂ ಯಾಕೆ? ಇನ್ನೂ ಒಂದು: ಹತ್ತರಲ್ಲಿ ಒಂದನ್ನೂ ಮೀರದೆ ಒಬ್ಬರು ತಪ್ಪಿತಸ್ಥರಾಗುವುದು ಸಾಧ್ಯವೆ?

ಪಕ್ಕದ ಮನೆಯಲ್ಲಿ ಕಷ್ಟ. ಗೋಡೆಯಾಚೆ ಶಂಶುನ್ನೀಸಾ ಎಂಬ ಅಜ್ಜಿ ಇದ್ದಾರೆ. ಮಗ ಮುಕ್ತಾರ್ ದರ್ಜಿ, ಈಗ ಸಿಪಾಯಿಗಳ ಬಟ್ಟೆ ಹೊಲಿಯುತ್ತಾನೆ. ಸೊಸೆ ಆಬಿದಾ ಕ್ರಿಸ್ಮಸಿಗೆ ಸ್ವಲ್ಪ ಮೊದಲು ಹೆತ್ತಳು, ಗಂಡು ಮಗು. ನಯಾಜ್ ಎಂದು ಹೆಸರಿಟ್ಟಿದ್ದಾರೆ. ಅವಳಿಗೆ ಈಗ ವಿಷಮಜ್ವರ ಬಂದು ಆಸ್ಪತ್ರೆಗೆ ಸಾಗಿಸಿದ್ದಾರೆ, ಮಗುವನ್ನು ಹತ್ತಿರ ಬಿಡುವುದಿಲ್ಲವಂತೆ. ಅಜ್ಜಿ ಮಗುವನ್ನೆತ್ತಿಕೊಂಡು ಮೊನ್ನೆ ನಮ್ಮ ಬಾಗಿಲಿಗೂ ಬಂದಿದ್ದರು, ನಾನು ಹಾಲೂಡಿಸಬಹುದೇ ಎಂದು ಕೇಳಲು. ಆಗಲಿಲ್ಲ ಅಪ್ಪ. ಪುಟ್ಟಿಗೇ ಸಾಲದೆ ಹೋದರೆ? ಅದೂ ಜ್ವರದ ಮನೆ. ಬೇರೆ ಯಾರಾದರೂ ಸಿಕ್ಕಾರು.

ಕೆಮ್ಮಿನ ಬಗ್ಗೆ ಬರೆಯಿರಿ.

ನಿಮ್ಮ ಮಗಳು
ರತ್ನ


ಹರಿಹರ
26 ಜನವರಿ 1944

ಮಗಳೇ ರತ್ನ, ದೇವರ ಸಮಾಧಾನ ನಿನ್ನ ಮನೆಯಲ್ಲಿರಲಿ.

ನಿನ್ನ ಪ್ರಶ್ನೆ ಓದಿ ಕೆಮ್ಮು ಮರೆತುಹೋಯಿತು. ನಮ್ಮ ಸಭೆಯ ಹಿರಿಯರು ಇಂಥದ್ದನ್ನು ಕೇಳುವುದಿಲ್ಲ. ಅವರು ಕೇಳುವುದು ಹೆಂಚು ರಿಪೇರಿಯ ವಿಷಯ.

ಇಲ್ಲಿ ಹೊಳೆಯ ದಂಡೆಯಲ್ಲಿ ನೀರಿನ ಆಳ ತೋರಿಸುವ ಕಲ್ಲೊಂದನ್ನು ನೆಟ್ಟಿದ್ದಾರೆ, ನೀನು ಚಿಕ್ಕವಳಿದ್ದಾಗ ಅದನ್ನು ಹತ್ತಲು ಹೋಗಿ ಬಿದ್ದದ್ದುಂಟು. ಧರ್ಮಶಾಸ್ತ್ರ ಆ ಕಲ್ಲಿನ ಹಾಗೆ. ನೀನು ಎಷ್ಟು ಆಳದಲ್ಲಿದ್ದೀಯೆಂದು ತಪ್ಪಿಲ್ಲದೆ ಹೇಳುತ್ತದೆ. ಮುಳುಗುತ್ತಿರುವವನನ್ನು ಎತ್ತುವುದು ಅದರ ಕೆಲಸವಲ್ಲ, ಅದಕ್ಕೆ ಕೈಯಿಲ್ಲ. ಎತ್ತಲು ಹರಿಗೋಲಿನವನು ಬೇಕು. ಕಲ್ಲನ್ನು ನೋಡಿ ಹೆದರಿದವನು ಮಾತ್ರ ಹರಿಗೋಲಿನವನನ್ನು ಕೂಗುತ್ತಾನೆ. ಹಾಗೆ ಕೂಗಿಸುವುದಕ್ಕೇ ದೇವರು ಅದನ್ನು ಕೊಟ್ಟದ್ದು. ಕೂಟದ ಹೆಂಗಸರಿಗೆ ಇಷ್ಟು ಹೇಳಿದರೆ ಸಾಕು.

ಪಕ್ಕದ ಮನೆಯ ವಿಷಯದಲ್ಲಿ ನೀನು ಮಾಡಿದ್ದು ಸರಿ. ತಾಯಿಗೆ ಮೊದಲು ತನ್ನ ಮಗು. ನಿನ್ನ ಮೇಲೆ ಯಾವ ಆಜ್ಞೆಯೂ ದೂರು ಹೇಳದು. ನೆಮ್ಮದಿಯಾಗಿ ನಿದ್ದೆ ಮಾಡು.

ಇಲ್ಲಿಯ ಸುದ್ದಿ ಅಷ್ಟು ಒಳ್ಳೆಯದಲ್ಲ. ಬೋರ್ಡಿಂಗ್ ಶಾಲೆಯಲ್ಲಿ ಅಡಿಗೆ ಮಾಡುವ ಶಾಂತಕುಮಾರಿ ನಿನಗೆ ನೆನಪಿರಬೇಕು, ನಿನಗೆ ಜಡೆ ಹೆಣೆಯುತ್ತಿದ್ದವಳು. ಅವಳ ಮಗನಿಗೆ ಸಿಡುಬು ಎದ್ದಾಗ, ಕದ್ದು ಮಾರಮ್ಮನ ಗುಡಿಗೆ ಹೋಗಿ ತಂಬಿಟ್ಟಿನ ಆರತಿ ಬೆಳಗಿ ಬಂದಳು. ಹುಡುಗ ಬದುಕಿದ. ಸಭೆಯ ಮುಂದೆ ನಿಂತು ತಪ್ಪೊಪ್ಪಿಕೊಳ್ಳುವ ತನಕ ಅವಳಿಗೆ ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಕೊಡಕೂಡದೆಂದು ಹಿರಿಯರು ಪಟ್ಟು ಹಿಡಿದಿದ್ದಾರೆ. ನಾನೇನು ಮಾಡಲಿ?

ನಿನ್ನ ಅಪ್ಪ
ಸಮುವೇಲ ಸಂಜೀವಪ್ಪ


ಬ್ಲ್ಯಾಕ್‌ಪಳ್ಳಿ
8 ಫೆಬ್ರವರಿ 1944

ಅಪ್ಪನವರಿಗೆ ವಂದನೆಗಳು.

ನೀವು ಸರಿ ಎಂದಿರಿ. ಓದಿದ ಮೇಲೆ ಸಮಾಧಾನವಾಗಬೇಕಿತ್ತು. ಮಡಚಿ ದಿಂಬಿನ ಕೆಳಗಿಟ್ಟುಕೊಂಡೆ, ಮತ್ತೆ ತೆಗೆದು ಓದಿದೆ. ನೀವು ಸರಿ ಅಂದಷ್ಟೂ ಏನೋ ಒಂದು ಸರಿಯಿಲ್ಲ ಅನ್ನಿಸುತ್ತದೆ. ನಿದ್ದೆಗೇಡಿನಿಂದ ಇರಬಹುದು.

ಒಂದು ವಿಚಿತ್ರ ಹೇಳುತ್ತೇನೆ. ಪಕ್ಕದ ಅಜ್ಜಿ ನನಗೆ ಹಾಲೇ ಇಲ್ಲವೆಂದು ತಿಳಿದುಕೊಂಡಿದ್ದಾರೆ. ಹೇಗೋ ಹಾಗೆ ತಿಳಿದುಕೊಂಡಿದ್ದಾರೆ. ಹೋದ ವಾರ ಸೆರಗಿನಲ್ಲಿ ಏನೋ ಮುಚ್ಚಿಟ್ಟುಕೊಂಡು ಬಂದರು. ತೆಗೆದರೆ ಸಬ್ಬಸಿಗೆ ಸೊಪ್ಪು, ಒಂದು ದೊಡ್ಡ ಕಟ್ಟು.

"ತಗೋ ಬೇಟಿ. ರಸೆಲ್ ಮಾರ್ಕೆಟ್ಟಿಂದ ಮುಕ್ತಾರ್ ತಂದ. ಬೆಳ್ಳುಳ್ಳಿ ಜಾಸ್ತಿ ಹಾಕಿ ಬೇಯ್ಸು. ಹಾಲು ಧೋ ಅಂತ ಬರ್ತದೆ ನೋಡು."

"ಬೇಡಿ ಅಮ್ಮ, ನಿಮ್ಮನೇಲೇ ಇಷ್ಟು ಕಷ್ಟ ಇರೋವಾಗ..."

"ನಕ್ಕೋ, ಆ ಮಾತೆಲ್ಲ ಬೇಡ! ನಮ್ಮನೆ ಬಾಣಂತಿ ಆಸ್ಪತ್ರೆನಾಗೆ ಅವ್ಳೆ. ಸೊಪ್ಪು ಯಾರಿಗೆ ಮಾಡ್ಲಿ ನಾನು? ನಿನ್ ಹೆಣ್ಮಗು ಡಬ್ಬಿ ಹಾಲು ಕುಡ್ಕೊಂಡು ಎಷ್ಟು ದಿನ ಇರ್ತದೆ? ಕಾಲೇಜು ಓದಿದ್ರೆ ತಲೆ ತುಂಬ್ತದೆ, ಎದೆ ತುಂಬಲ್ಲ. ಅದಕ್ಕೆ ಸೊಪ್ಪೇ ಬೇಕು!" ಎಂದು ನಕ್ಕು, ಪುಟ್ಟಿಯ ಕೆನ್ನೆ ಹಿಂಡಿ, ತಮ್ಮ ತೋಳಲ್ಲಿದ್ದ ನಯಾಜನನ್ನು ಸರಿಮಾಡಿಕೊಂಡು ಹೋದರು.

ಆಮೇಲೆ ದಿನ ಬಿಟ್ಟು ದಿನ ಬರುತ್ತಾರೆ. ಒಮ್ಮೆ ಸೊಪ್ಪು, ಒಮ್ಮೆ ಆಳ್ವಿ ಬೀಜದ ಗಂಜಿ ಬೆಲ್ಲ ಹಾಕಿ. ಚೆಲ್ಲಲು ಮನಸ್ಸಾಗದೆ ತಿನ್ನುತ್ತೇನೆ. ತಿಂದರೆ ಹಾಲು ಇನ್ನೂ ಹೆಚ್ಚುತ್ತದೆ. ಅವರು ಬರುವ ಸದ್ದಾದರೆ ರವಿಕೆ ಒದ್ದೆಯಾದದ್ದು ಕಾಣದಂತೆ ಶಾಲು ಹೊದ್ದುಕೊಳ್ಳುತ್ತೇನೆ. "ಚಳೀನಾ ಬೇಟಿ?" ಎನ್ನುತ್ತಾರೆ. ನಯಾಜನಿಗೆ ಎಮ್ಮೆ ಹಾಲಿಗೆ ನೀರು ಬೆರೆಸಿ ಒಳಲೆಯಲ್ಲಿ ಹಾಕುತ್ತಾರೆ, ಅರ್ಧ ಕಕ್ಕಿಬಿಡುತ್ತಾನೆ. ಹಲಸೂರಿನ ಹೆಂಗಸೊಬ್ಬಳು ಬೆಳಗಿನ ಹೊತ್ತು ಬಂದು ಹಾಲೂಡಿಸಿ ಹೋಗುತ್ತಾಳಂತೆ. ದೇವರು ದೊಡ್ಡವನು.

ಕೂಟಕ್ಕೆ ತಯಾರಾಗುತ್ತ ಒಂದು ಸಂದೇಹ ಬಂತು. ಸುಳ್ಳು ಸಾಕ್ಷಿಯ ಆಜ್ಞೆ ನೆರೆಯವರ ವಿರುದ್ಧ ಹೇಳುವ ಸುಳ್ಳಿನದು. ಒಬ್ಬರು ನೆರೆಯವರ ಬಗ್ಗೆ ಏನೂ ಹೇಳದೆ ತಮ್ಮ ಬಗ್ಗೆಯೇ ಇಲ್ಲದ್ದೊಂದನ್ನು ಹೇಳಿದರೆ, ಅದು ಆ ಆಜ್ಞೆಯೊಳಗೆ ಬರುತ್ತದೆಯೆ?

ರತ್ನ


ಹರಿಹರ
22 ಫೆಬ್ರವರಿ 1944

ಮಗಳೇ,

ನಿನಗೆ ತರ್ಕಶಾಸ್ತ್ರ ಓದಿಸಿದ್ದು ತಪ್ಪಾಯಿತೇನೋ! ನಿನ್ನ ಸಂದೇಹ ಓದಿ ಒಬ್ಬನೇ ನಕ್ಕೆ. ಆಜ್ಞೆಯೆಂದರೆ ಬೇಲಿಯಲ್ಲ ಮಗು, ಎಲ್ಲಿ ಕಂಡಿಯಿದೆಯೆಂದು ಹುಡುಕುವುದಕ್ಕೆ. ಸುಳ್ಳು ಸುಳ್ಳೇ. ಆದರೆ ಇಂಥ ಸೂಕ್ಷ್ಮಗಳನ್ನು ಹೆಂಗಸರ ಕೂಟದಲ್ಲಿ ಎತ್ತಬೇಡ, ಗಲಿಬಿಲಿಯಾಗುತ್ತಾರೆ.

ಆ ಅಜ್ಜಿಯ ಸೊಪ್ಪಿನ ಕಥೆ ಓದಿ ಸಂತೋಷವಾಯಿತು. ನೆರೆಯವರ ಕೈಯಿಂದಲೇ ದೇವರು ನಿನ್ನನ್ನು ಪೋಷಿಸುತ್ತಿದ್ದಾನೆ. ಪ್ರತಿ ತುತ್ತಿಗೂ ಸ್ತೋತ್ರ ಮಾಡಿ ತಿನ್ನು.

ಶಾಂತಕುಮಾರಿ ಇನ್ನೂ ಬಾಯಿ ಬಿಟ್ಟಿಲ್ಲ. ಭಾನುವಾರ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ, ಎಲ್ಲರೂ ಭೋಜನಕ್ಕೆ ಎದ್ದಾಗ ಹೊರಗೆ ಹೋಗುತ್ತಾಳೆ. ಹಿರಿಯರು ಸಡಿಲಿಸುವುದಿಲ್ಲ. ಸುತ್ತಲಿನ ಊರುಗಳವರೆಗೂ ಮಾತು ಹೋಗಿದೆ. ನಿಯಮವಿಲ್ಲದ ಸಭೆ ದಡವಿಲ್ಲದ ಹೊಳೆಯಂತಾದೀತು.

ಅಪ್ಪ


ಬ್ಲ್ಯಾಕ್‌ಪಳ್ಳಿ
1 ಮಾರ್ಚ್ 1944

ಅಪ್ಪನವರಿಗೆ,

ಮೊದಲ ಕೂಟ ಮುಗಿಯಿತು. ನಿಮ್ಮ ಆಳದ ಕಲ್ಲಿನ ಮಾತು ಹೇಳಿದೆ. ಎಲ್ಲರೂ ಮೆಚ್ಚಿಕೊಂಡರು. "ಎಷ್ಟು ಚೆನ್ನಾಗಿ ಮಾತಾಡ್ತೀಯಮ್ಮ, ಕಣ್ಣಲ್ಲಿ ನೀರು ಬಂತು" ಎಂದರು ಒಬ್ಬರು. ಮನೆಗೆ ಬಂದು, ಮಾತು ಬರೆದುಕೊಂಡಿದ್ದ ಕಾಗದವನ್ನು ಒಲೆಗೆ ಹಾಕಿದೆ.

ಶಾಂತಕುಮಾರಿಯವರನ್ನು ಬಿಟ್ಟುಬಿಡಿ ಅಪ್ಪ. ಅವರ ಮಗು ಸಾಯುತ್ತಿತ್ತು. ಮಗು ಸಾಯುತ್ತಿರುವಾಗ ಹೆಂಗಸು ಎಲ್ಲಿಗೆ ಬೇಕಾದರೂ ಹೋಗುತ್ತಾಳೆ, ಏನು ಬೇಕಾದರೂ ಹೇಳುತ್ತಾಳೆ. ಹಿರಿಯರೆಲ್ಲ ಗಂಡಸರು.

ಹಲಸೂರಿನವಳು ಬರುವುದು ನಿಂತಿದೆ, ಅವಳ ಮಗುವಿಗೇ ಹುಷಾರಿಲ್ಲವಂತೆ. ಆಬಿದಾಳ ಜ್ವರ ಇಳಿದು ಮತ್ತೆ ಮರುಕಳಿಸಿದೆ. ಹೆಚ್ಚು ಬರೆಯಲಾರೆ, ಪುಟ್ಟಿ ಎದ್ದಳು.

ರತ್ನ


ಹರಿಹರ
11 ಮಾರ್ಚ್ 1944

ಜೀವರತ್ನಳಿಗೆ,

ನಿನ್ನ ಗಂಡನ ಕಾರ್ಡು ಬಂದಿದೆ. ಹೊಸ ವರ್ಷದಿಂದ ಈಚೆಗೆ ನೀನು ಕರ್ತನ ಭೋಜನಕ್ಕೆ ಎದ್ದಿಲ್ಲವಂತೆ. ಮಗುವಿನ ನೆಪ ಹೇಳಿ ಬಾಗಿಲ ಬಳಿ ಕೂರುತ್ತೀಯಂತೆ. ಪಕ್ಕದ ಮುಸಲ್ಮಾನ ಹೆಂಗಸು ಸೆರಗಿನೊಳಗೆ ಏನೋ ತಂದು ಕೊಡುತ್ತಾಳೆಂದೂ, ನೀನು ಅವರಿಂದ ಅದನ್ನು ಮರೆಮಾಚುತ್ತೀಯೆಂದೂ ಬರೆದಿದ್ದಾರೆ. ನನಗೆ ಸೊಪ್ಪಿನ ಕಥೆ ಹೇಳಿದೆ. ಸೊಪ್ಪನ್ನು ಗಂಡನಿಂದ ಯಾರು ಮುಚ್ಚಿಡುತ್ತಾರೆ?

ನೇರವಾಗಿ ಕೇಳುತ್ತೇನೆ. ಮಗುವಿಗೆ ದರ್ಗಾದಿಂದ ದಾರ ತರಿಸಿ ಕಟ್ಟಿಸಿದ್ದೀಯಾ? ಶಾಂತಕುಮಾರಿಯ ಪರವಾಗಿ ನೀನು ಅಷ್ಟು ಬಿಸಿಯಾಗಿ ಬರೆದದ್ದು ಯಾಕೆಂದು ಈಗ ತಿಳಿಯಿತು. ಅವಳು ಓದಿಲ್ಲದವಳು. ನೀನು ನನ್ನ ಮನೆಯಲ್ಲಿ ಬೆಳೆದವಳು. ಮೋಹನನನ್ನು ಕಳೆದುಕೊಂಡ ಭಯ ನನಗೆ ಅರ್ಥವಾಗುತ್ತದೆ. ಆದರೆ ಭಯಕ್ಕೆ ದಾರ ಕಟ್ಟಿದರೆ ಆ ದಾರವೇ ನಿನ್ನನ್ನು ಕಟ್ಟುತ್ತದೆ. ನಿಜ ಬರೆ.

ಅಪ್ಪ


ಬ್ಲ್ಯಾಕ್‌ಪಳ್ಳಿ
14 ಮಾರ್ಚ್ 1944, ಬೆಳಗ್ಗೆ

ಅಪ್ಪ,

ದಾರವಲ್ಲ, ಸೊಪ್ಪೇ. ದಾರವಾಗಿದ್ದಿದ್ದರೆ ಕಿತ್ತು ಬಿಸಾಡಿ ಸಭೆಯ ಮುಂದೆ ನಿಂತುಬಿಡುತ್ತಿದ್ದೆ.

ಜನವರಿಯಲ್ಲಿ ಶಂಶುನ್ನೀಸಾ ಅಮ್ಮ ಮಗುವನ್ನೆತ್ತಿಕೊಂಡು ಬಂದಾಗ, ಆಗುವುದಿಲ್ಲ ಎಂದು ನಾನು ಹೇಳಲಿಲ್ಲ. ಹಾಗೆ ಹೇಳಲು ನಾಚಿಕೆಯಾಯಿತು. "ನನಗೆ ಹಾಲೇ ಇಲ್ಲ ಅಮ್ಮ, ಡಾಕ್ಟ್ರು ಡಬ್ಬಿ ಹಾಲು ಬರ್ಕೊಟ್ಟಿದಾರೆ" ಎಂದೆ. ನಂಬಲಿ ಎಂದು ಒಳಗೆ ಹೋಗಿ ಡಬ್ಬಿಯನ್ನು ತಂದು ತೋರಿಸಿದೆ. ಮೋಹನನ ಡಬ್ಬಿ, ಅಪ್ಪ. ಅದರಲ್ಲಿ ಈಗ ಗುಂಡಿ, ಸೂಜಿ ಇಟ್ಟಿದ್ದೇನೆ. ಗುಂಡಿಗಳ ಸದ್ದಾಗದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೆ. ಆ ತಾಯಿ ನನ್ನ ತಲೆ ಸವರಿ, "ಅಯ್ಯೋ, ನಿನಗೂ ಹಿಂಗಾ ಬೇಟಿ?" ಎಂದು ಅತ್ತರು. ತಮ್ಮ ಮೊಮ್ಮಗು ಹಸಿದು ತೋಳಲ್ಲಿದ್ದಾಗ ನನಗಾಗಿ ಅತ್ತರು. ಸೊಪ್ಪು ಶುರುವಾದದ್ದು ಅಲ್ಲಿಂದ. ನಮ್ಮ ಮನೆಯವರಿಗೆ ಹೇಗೆ ಹೇಳಲಿ? ಹೇಳಿದರೆ ಪೂರ್ತಿ ಹೇಳಬೇಕಾಗುತ್ತಿತ್ತು, ಅದಕ್ಕೆ ಮುಚ್ಚಿಟ್ಟೆ.

ನೀವು ಸರಿಯೆಂದು ಬರೆದಿರಿ. ನಾನು ಅರ್ಧ ಹೇಳಿದ್ದೆ, ನೀವು ಅರ್ಧಕ್ಕೆ ತೀರ್ಪು ಕೊಟ್ಟಿರಿ. ನನ್ನ ಸುಳ್ಳು ಒಂಬತ್ತನೆಯ ಆಜ್ಞೆಯೊಳಗೆ ಬರುತ್ತದೋ ಇಲ್ಲವೋ ಎಂದು ನಾನು ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಕೂತಿದ್ದಾಗ, ಆರನೆಯದು ಬಂದು ಬೆನ್ನ ಹಿಂದೆ ನಿಂತಿತ್ತು. ಕೊಲೆ ಮಾಡಬಾರದು ಎಂಬುದು. ಹಾಲಿಲ್ಲದ ಮಗು ಹೇಗೆ ಹೋಗುತ್ತದೆಂದು ಈ ಬೀದಿಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಮೊದಲು ಜೋರಾಗಿ ಅಳುತ್ತದೆ. ಆಮೇಲೆ ಬೆಕ್ಕಿನ ಮರಿಯ ಹಾಗೆ. ಆಮೇಲೆ

ಅಪ್ಪ, ಅಳು ಕೇಳಿಸುತ್ತಿಲ್ಲ. ನಿನ್ನೆಯಿಂದ ಸಣ್ಣದಾಗಿತ್ತು, ಈಗ ಇಲ್ಲವೇ ಇಲ್ಲ. ನಾನು ಹೋಗಿ ಬರುತ್ತೇನೆ.

ಅದೇ ದಿನ, ಸಂಜೆ

ಬದುಕಿದ್ದಾನೆ.

ಪುಟ್ಟಿಯನ್ನು ಇವರ ಪಕ್ಕದಲ್ಲಿ ಮಲಗಿಸಿ ಹೋದೆ. ಶಂಶುನ್ನೀಸಾ ಅಮ್ಮ ಒಲೆಯ ಮುಂದೆ ಕೂತಿದ್ದರು, ಮಗು ಮಡಿಲಲ್ಲಿ. ಕಣ್ಣು ಅರ್ಧ ತೆರೆದಿತ್ತು. ನಿಂತಲ್ಲೇ ಹೇಳಿದೆ.

"ಅಮ್ಮ, ನಾನು ಸುಳ್ಳು ಹೇಳ್ದೆ. ನನಗೆ ಹಾಲಿದೆ. ಮೊದ್ಲಿಂದಲೂ ಇದೆ."

"ಕ್ಯಾ?"

"ನೀವು ಸೊಪ್ಪು ತರೋಕೆ ಮುಂಚೇನೇ ಇತ್ತು. ಆ ಡಬ್ಬೀಲಿ ಹಾಲಿರ್ಲಿಲ್ಲ, ಗುಂಡಿ ಇತ್ತು."

ಅವರು ನನ್ನ ಮುಖವನ್ನೇ ನೋಡಿದರು. ಮುಖದಲ್ಲಿ ಒಂದೊಂದೇ ದಿನ ಹಿಂದಕ್ಕೆ ಹೋಗುತ್ತಿರುವುದು ನನಗೆ ಕಾಣಿಸಿತು: ಗಂಜಿ, ಸೊಪ್ಪು, ಶಾಲು. ಹೊಡೆಯುತ್ತಾರೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಕೂತ್ಕೋ" ಎಂದರು. ಅದು ನಾನು ಕೇಳಿದ್ದ ಧ್ವನಿಯೇ ಅಲ್ಲ.

"ಅಮ್ಮ, ನನ್ನನ್ನ ಕ್ಷಮಿ..."

"ಚುಪ್! ಮೊದ್ಲು ಕುಡ್ಸು. ಆಮೇಲೆ ಬೈತೀನಿ."

ಅವನಿಗೆ ಚೀಪುವುದು ಮರೆತುಹೋಗಿದೆ, ಅಪ್ಪ. ಬಾಯಿಗಿಟ್ಟರೆ ಹಿಡಿಯಲಿಲ್ಲ, ಸುಮ್ಮನೆ ಇದ್ದ. ಹಿಂಡಿ ಒಳಲೆಗೆ ತೆಗೆದುಕೊಟ್ಟೆ. ಅಮ್ಮ ತೊಟ್ಟು ತೊಟ್ಟಾಗಿ ಬಾಯಿಗೆ ಬಿಟ್ಟರು. ಒಂದು ತೊಟ್ಟು ಇಳಿದಾಗ ಗಂಟಲು ಅಲುಗಿತು. ನಾವಿಬ್ಬರೂ ಆ ಗಂಟಲನ್ನೇ ನೋಡುತ್ತ ಮಧ್ಯಾಹ್ನವೆಲ್ಲ ಕೂತೆವು.

ಇದನ್ನು ಹೀಗೇ ಅಂಚೆಗೆ ಹಾಕುತ್ತಿದ್ದೇನೆ. ಇನ್ನೊಮ್ಮೆ ಓದಿದರೆ ಹಾಕಲಾರೆ.

ರತ್ನ


ಬ್ಲ್ಯಾಕ್‌ಪಳ್ಳಿ
27 ಮಾರ್ಚ್ 1944

ಅಪ್ಪನವರಿಗೆ,

ನಿಮ್ಮಿಂದ ಕಾಗದವಿಲ್ಲ. ಕೋಪವಾದರೆ ಕೋಪದ ಕಾಗದವನ್ನೇ ಬರೆಯಿರಿ. ಇವರಿಗೂ ಎಲ್ಲ ಹೇಳಿದೆ. "ನಂಗೆ ಹೇಳಿದ್ರೆ ನಾನೂ ಬೇಡ ಅಂತಿದ್ನೇನೋ ರತ್ನ, ನಂಗೂ ಮೋಹನನ ಭಯಾನೇ" ಎಂದರು. ನಿಮಗೆ ಬರೆದ ಕಾರ್ಡಿಗಾಗಿ ನಾಚಿಕೊಂಡಿದ್ದಾರೆ.

ಶಂಶುನ್ನೀಸಾ ಅಮ್ಮ ಕೊಟ್ಟ ಮಾತಿನಂತೆ ಬೈದರು. ನಯಾಜ್ ತಾನಾಗಿ ಬಾಯಿ ಹಾಕಿ ಚೀಪಿದ ದಿನದವರೆಗೂ ಕಾದಿದ್ದು, ಅವನು ಕುಡಿದು ಮಲಗಿದ ಮೇಲೆ ಶುರುಮಾಡಿದರು. ದಖನಿಯಲ್ಲಿ ಬೈದರು, ಕನ್ನಡದಲ್ಲಿ ಬೈದರು, ನಡುವೆ ತಮಿಳೂ ಬಂತು.

"ನಾನು ಕೈಯಾರೆ ಸೊಪ್ಪು ಕೊಟ್ನಲ್ಲ, ಹೆಂಗೆ ತಿಂದೆ ನೀನು? ಗಂಟ್ಲಾಗೆ ಇಳೀತಾ?"

"ಇಳೀತು ಅಮ್ಮ."

"ಬೆಳ್ಳುಳ್ಳಿ ಹಾಕಿದ್ಯಾ?"

"ಹಾಕಿದ್ದೆ."

"ಬೇಶರಂ! ಮೇಲಿಂದ ಬೆಳ್ಳುಳ್ಳಿ ಬೇರೆ!"

ನನಗೆ ಅಳು, ನಗು ಎರಡೂ ಒಟ್ಟಿಗೆ ಬಂದುಬಿಟ್ಟವು. ಅವರು ನಗಲಿಲ್ಲ. ಬೈದು ಸುಸ್ತಾಗಿ, ಗೋಡೆಗೊರಗಿ ಕೂತು, ಎಲೆಯಡಿಕೆ ಹಾಕಿಕೊಂಡರು. ಆಮೇಲೆ ಹೇಳಿದರು:

"ನಮ್ಮಾಗೆ ಒಂದು ಕಾನೂನು ಅದೆ, ತಿಳ್ಕೊ. ಒಬ್ಳ ಎದೆಹಾಲು ಕುಡಿದ ಮಕ್ಕಳು ಅಣ್ಣ ತಂಗಿ. ಇವನು ದೊಡ್ಡೋನಾಗಿ ನಿನ್ ಮಗಳನ್ನ ಮದ್ವೆ ಆಗ್ತೀನಿ ಅಂದ್ರೆ ನಡಿಯಲ್ಲ, ಹಾಂ!"

"ನಾವು ಕ್ರೈಸ್ತರು ಅಮ್ಮ. ಹೇಗಿದ್ರೂ ಅದು..."

"ಅದು ಬೇರೆ. ನೀವು ನಾವು ಅನ್ನೋದು ಬೀದಿ ಮಾತು. ಇದು ಅಲ್ಲಾನ ಮಾತು. ಇವತ್ತಿಂದ ನೀನು ಇವನಿಗೆ ತಾಯಿ. ಬೇಡ ಅಂದ್ರೂ ತಾಯಿ. ಸುಳ್ಳಿ ಆದ್ರೂ ತಾಯಿ. ಯಾರೂ ಬಿಡ್ಸೋಕಾಗಲ್ಲ."

ಧರ್ಮಶಾಸ್ತ್ರವೆಂದರೆ ನನ್ನ ಮೇಲೆ ದೂರು ಹೇಳುವುದು ಎಂದಷ್ಟೇ ನಾನು ಕಲಿತಿದ್ದೆ. ಅಂದು ಯಾರದೋ ಧರ್ಮಶಾಸ್ತ್ರ ನನ್ನನ್ನು ಕೂರಿಸಿ ಮಡಿಲಿಗೆ ಮಗನನ್ನು ಹಾಕಿತು. ನಾನು ಏನು ಮಾಡಿದ್ದಕ್ಕೆ? ನಾನು ಮಾಡಿದ್ದು ಅವರಿಗೆ ಪೂರ್ತಿ ಗೊತ್ತಿದೆ. ಗೊತ್ತಿದ್ದೂ ಹಾಕಿದರು.

ಇದರಿಂದ ನನಗೆ ಹಗುರವಾಯಿತೆಂದು ತಿಳಿಯಬೇಡಿ. ಅವನ ವಯಸ್ಸಿನಲ್ಲಿ ಪುಟ್ಟಿ ನಗುತ್ತಿದ್ದಳು. ಅವನು ನಗುವುದಿಲ್ಲ. ಕುಡಿಯುತ್ತ ನನ್ನ ಮುಖವನ್ನು ನೋಡುತ್ತಾನೆ, ಬಹಳ ಹೊತ್ತು, ರೆಪ್ಪೆ ಹಾಕದೆ. ಇಬ್ಬರಿಗೂ ಹಾಲು ಸಾಲುತ್ತಿದೆ, ಅಪ್ಪ. ಆಗಲೂ ಸಾಲುತ್ತಿತ್ತು.

ರತ್ನ


ಹರಿಹರ
12 ಏಪ್ರಿಲ್ 1944

ಮಗಳೇ ರತ್ನ,

ನಿನ್ನ ಮೇಲಿನ ಕೋಪದಿಂದ ತಡಮಾಡಿದ್ದಲ್ಲ. ನಿನಗೆ ಬರೆಯುವ ಮೊದಲು ನಾನು ಇನ್ನೊಂದು ಮನೆಗೆ ಹೋಗಬೇಕಾಗಿತ್ತು. ಹೋಗಲು ಕಾಲು ಬರಲಿಲ್ಲ.

ಮೊದಲು ಇದನ್ನು ಹೇಳುತ್ತೇನೆ. ಹಿರಿಯರು ಪಟ್ಟು ಹಿಡಿದಿದ್ದಾರೆ, ಹಿರಿಯರು ಸಡಿಲಿಸುವುದಿಲ್ಲ ಎಂದು ನಿನಗೆ ಬರೆಯುತ್ತಿದ್ದೆನಲ್ಲ. ಹಿರಿಯರು ಎರಡು ವಾರಕ್ಕೇ ಬಿಟ್ಟುಬಿಡೋಣ ಅಂದಿದ್ದರು. ಸಡಿಲಿಸದವನು ನಾನು. ನಿನ್ನ ಹತ್ತಿರ ಅದನ್ನು ಅವರ ತಲೆಗೆ ಕಟ್ಟಿದೆ. ನಿನಗೆ ಸುಳ್ಳಿನ ಬಗ್ಗೆ ಪಾಠ ಬರೆದ ಅದೇ ಕಾಗದದಲ್ಲಿ.

ಆ ಅಜ್ಜಿ ನಿನಗೆ ಹೇಳಿದ ಮಾತು ನನ್ನನ್ನು ಬಿಡಲಿಲ್ಲ. ಮೊದಲು ಕುಡಿಸುವುದು, ಆಮೇಲೆ ಬೈಯುವುದು. ನನ್ನ ಸೇವೆಯಲ್ಲೆಲ್ಲ ನಾನು ಮೊದಲು ಬೈದೆ. ಬೈದು, ಅವರು ತಲೆ ತಗ್ಗಿಸಿದ್ದಾರೋ ಎಂದು ನೋಡಿ, ಆಮೇಲೆ ರೊಟ್ಟಿ ಮುರಿದು ಕೊಟ್ಟೆ. ಕೃಪೆ ಎಂದು ಉಪದೇಶ ಮಾಡಿದೆ, ಕೂಲಿಯ ಹಾಗೆ ಹಂಚಿದೆ.

ಶುಭ ಶುಕ್ರವಾರದ ಹಿಂದಿನ ದಿನ ರೊಟ್ಟಿ, ಪಾತ್ರೆ ತೆಗೆದುಕೊಂಡು ಶಾಂತಕುಮಾರಿಯ ಮನೆಗೆ ಹೋದೆ. ಅವಳು ಒರಳ ಮುಂದಿನಿಂದ ಏಳಲೂ ಇಲ್ಲ.

"ಒಪ್ಕೊಳ್ಳೋಣ ಅಂತ ನಾನೂ ನೋಡ್ದೆ ಅಯ್ಯನವ್ರೇ. ಪಶ್ಚಾತ್ತಾಪ ಬರ್ತಾ ಇಲ್ಲ. ಹುಡುಗನಿಗೆ ಇನ್ನೊಂದ್ಸಲ ಹಂಗಾದ್ರೆ ಇನ್ನೊಂದ್ಸಲ ಹೋಗ್ತೀನೇನೋ. ಸುಳ್ಳು ಹೇಳಿ ರೊಟ್ಟಿ ಇಸ್ಕೊಳ್ಳಾ?"

ಅವಳ ಹಿಟ್ಟಿನ ಕೈಗೇ ಕೊಟ್ಟೆ. ಅವಳು ತಿಂದಳು. ಮಾಡಿದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ತಮ್ಮನ್ನು ಕೇಳದೆ ಮನೆಯಲ್ಲೇ ಭೋಜನ ಕೊಟ್ಟೆನೆಂದು ಈಗ ಆ ಹಿರಿಯರೇ ನನ್ನ ಮೇಲೆ ಮಿಷನ್ನಿಗೆ ಬರೆದಿದ್ದಾರೆ. ಬರೆಯಲಿ.

ನಿನ್ನ ಮೊದಲ ಪ್ರಶ್ನೆಗೆ ನಾನು ಕೊಟ್ಟ ಉತ್ತರ ತಪ್ಪಲ್ಲ. ಆದರೆ ಆ ಕಲ್ಲನ್ನು ನಾನು ದಡದಲ್ಲಿ ನಿಂತು ತೋರಿಸಿದೆ, ನೀನು ಆಗಲೇ ನೀರಿನಲ್ಲಿದ್ದೆ. ನಿನ್ನ ಕೂಗು ನನಗೆ ಕೂಟದ ಪಾಠದಂತೆ ಕೇಳಿಸಿತು.

ನೀನು ಕರ್ತನ ಭೋಜನಕ್ಕೆ ಹೋಗು. ಕ್ರಿಸ್ತನು ಹಾಕಿಸಿದ ಊಟ ಅದು, ನನ್ನ ಸಭೆಯದ್ದಲ್ಲ. ಆದರೂ ಹಳೆಯ ಪಾದ್ರಿಯ ಬಾಯಿ ಒಂದು ಮಾತು ಹೇಳದೆ ಬಿಡದು. ನೀನು ಅಜ್ಜಿಗೆ ಹೇಳಿದೆ, ಗಂಡನಿಗೆ ಹೇಳಿದೆ, ನನಗೆ ಹೇಳಿದೆ. ಹೆತ್ತವಳಿಗೆ ಹೇಳಿದ್ದೀಯಾ? ಮೊದಲು ಆಬಿದಾಳೊಂದಿಗೆ ರಾಜಿಯಾಗು. ಆಮೇಲೆ ಹೋಗು.

ಅಪ್ಪ


ಬ್ಲ್ಯಾಕ್‌ಪಳ್ಳಿ
8 ಮೇ 1944

ಅಪ್ಪನವರಿಗೆ,

ಆಬಿದಾ ಮನೆಗೆ ಬಂದಿದ್ದಾಳೆ. ತಲೆಗೂದಲೆಲ್ಲ ಉದುರಿ, ಮಣಿಕಟ್ಟು ಕಡ್ಡಿಯಂತಾಗಿದೆ. ಅವಳ ಹಾಲು ಪೂರ್ತಿ ನಿಂತುಹೋಗಿದೆ. ಅವಳು ಸ್ವಲ್ಪ ಚೇತರಿಸಿಕೊಳ್ಳಲಿ ಎಂದು ಶಂಶುನ್ನೀಸಾ ಅಮ್ಮ ಬಾಯಿ ಮುಚ್ಚಿಕೊಂಡಿದ್ದರು. "ನಾನು ಹೇಳಲ್ಲ. ನೀನೇ ಮಾಡಿದ್ದು, ನೀನೇ ಹೇಳು" ಎಂದರು ನನಗೆ.

ಹೋದ ಗುರುವಾರ ಹೇಳಿದೆ. ಅವಳು ಹಾಸಿಗೆಯ ಮೇಲೆ ಕೂತು, ನಡುವೆ ಬಾಯಿ ಹಾಕದೆ, ಕೊನೆಯವರೆಗೂ ಕೇಳಿದಳು. ಡಬ್ಬಿಯ ವಿಷಯವನ್ನೂ ಹೇಳಿದೆ. ಮೋಹನನ ಮಾತನ್ನು ಎತ್ತಬಾರದು, ಅದು ನೆಪವಾಗುತ್ತದೆ ಎಂದುಕೊಂಡು ಹೋಗಿದ್ದೆ. ಎತ್ತಲಿಲ್ಲ. ಅವಳೇ ಕೇಳಿದಳು.

"ನಿಮ್ದೂ ಒಂದು ಮಗು ಹೋಗಿತ್ತಲ್ವಾ?"

"ಹೌದು."

"ಹಾಲಿಲ್ದೆ?"

"ಹೌದು."

"ಗೊತ್ತಿದ್ದೂ ಮಾಡಿದ್ರಿ."

ಅವಳು ನಯಾಜನ ಕಾಲನ್ನು ಕೈಯಲ್ಲಿ ಹಿಡಿದು, ಹೆಬ್ಬೆರಳಿನಿಂದ ಉಜ್ಜುತ್ತ ಬಹಳ ಹೊತ್ತು ಕೂತಿದ್ದಳು. ಮೊನ್ನೆ ಡಾಕ್ಟರು ಬಂದು ಅವನ ಮೂಳೆ ಮೆತ್ತಗಿದೆ, ನಡೆಯುವುದು ತಡವಾಗಬಹುದು ಎಂದಿದ್ದರು.

"ಅಮ್ಮೀ ಹೇಳಿದ್ರು, ಇವನಿಗೆ ನೀವೂ ತಾಯಿ ಅಂತ. ಕಾನೂನು. ನಾನು ಅದನ್ನ ತೆಗ್ಯಲ್ಲ. ಬೆಳ್ದ್ ಮೇಲೆ ನಿಮ್ಮನ್ನ ಅಮ್ಮ ಅಂತಾನೆ, ಅನ್ಲಿ. ಆದ್ರೆ ನಾನು ನಿಮ್ಮತ್ರ ಮಾತಾಡಲ್ಲ. ಎರಡೂ ಇರ್ಲಿ."

ಇದು ರಾಜಿಯೆ, ಅಪ್ಪ? ಈಗ ದಿನಕ್ಕೆ ನಾಲ್ಕೈದು ಸಲ ಆಬಿದಾ ತಾನೇ ಮಗುವನ್ನೆತ್ತಿಕೊಂಡು ನಮ್ಮ ಬಾಗಿಲಿಗೆ ಬರುತ್ತಾಳೆ. ನಡೆಯುವಾಗ ಗೋಡೆ ಹಿಡಿದುಕೊಳ್ಳುತ್ತಾಳೆ. ಮಗುವನ್ನು ನನ್ನ ಕೈಗೆ ಕೊಟ್ಟು, ಬೀದಿಯ ಕಡೆ ಮುಖ ಮಾಡಿ ಹೊಸ್ತಿಲ ಮೇಲೆ ಕೂರುತ್ತಾಳೆ. ಅವನು ಕುಡಿದು ಮುಗಿಸಿದಾಗ ತಿರುಗಿ ನೋಡದೆ ಕೈ ಚಾಚುತ್ತಾಳೆ, ನಾನು ಇಡುತ್ತೇನೆ. ನಿನ್ನೆ ಬಿಸಿಲಿತ್ತು. ಕುಡಿಯಲು ನೀರು ತಂದು ಪಕ್ಕದಲ್ಲಿಟ್ಟೆ. ಮುಟ್ಟಲಿಲ್ಲ.

ನಿನ್ನೆಯೇ ಇಲ್ಲಿಯ ಸಭೆಯಲ್ಲಿ ಕರ್ತನ ಭೋಜನ ಇತ್ತು. ನೀವು ಮೊದಲು ರಾಜಿಯಾಗು, ಆಮೇಲೆ ಹೋಗು ಎಂದು ಬರೆದಿದ್ದಿರಿ. ನನ್ನ ಕೈಲಾದದ್ದನ್ನು ಮಾಡಿದ್ದೇನೆ, ಅವಳು ಕ್ಷಮಿಸಿಲ್ಲ. ಕ್ಷಮಿಸೆಂದು ಕೇಳುವ ಬಾಯಿಯೂ ನನಗಿಲ್ಲ. ಬಾಗಿಲ ಬಳಿ ಕೂತು, ಎಲ್ಲರೂ ಎದ್ದು ಹೋಗುವುದನ್ನು ನೋಡಿದೆ. ಪುಟ್ಟಿಯನ್ನು ಇವರ ತೊಡೆಯ ಮೇಲೆ ಹಾಕಿ ನಾನೂ ಎದ್ದೆ. ವೇದಿಯ ಕಟಕಟೆಯ ಮುಂದೆ ಮೊಣಕಾಲೂರಿ ಎರಡೂ ಕೈ ಚಾಚಿದೆ.

ಆಬಿದಾ ನನ್ನನ್ನು ಕ್ಷಮಿಸಿಲ್ಲವೆಂದು ಗೊತ್ತಿದ್ದೇ ಚಾಚಿದೆ. ಹಾಗೆ ಚಾಚಬಹುದೋ ಬಾರದೋ, ನೀವು ಬರೆಯಬೇಡಿ, ಅಪ್ಪ. ತಿಂದಾಗಿದೆ.

ನಿಮ್ಮ ಮಗಳು
ರತ್ನ